ಮನಸ್ಸಿನ ಡಾಕ್ಟರಿಗೆ ಹೇಳಲು ಕಲಿತ ಹೀಬ್ರೂ ಮಾತುಗಳು

ಇದನ್ನು ಬರೆಯಬೇಡ ಎಂದು ನನಗೆ ಮೂರು ಜನ ಹೇಳಿದ್ದಾರೆ. ನನ್ನ ಅಕ್ಕ ಗದಗಿನಿಂದ ಫೋನ್ ಮಾಡಿ, “ಬರದು ಏನ್ ಸಾಧಸ್ತೀಯವಾ, ನಾಳೆ ನಿನ್ನ ಮಗಳ ಮದವಿ ಆಗಬೇಕು” ಎಂದಳು. ನನ್ನ ಮಗಳಿಗೆ ಒಂಬತ್ತು ವರ್ಷ. ಜೊತೆಯಲ್ಲಿ ಕೆಲಸ ಮಾಡುವ ಒಬ್ಬ ನರ್ಸ್, ನಾಳೆ ಬೇರೆ ಕಡೆ ಕೆಲಸ ಹುಡುಕುವಾಗ ಇದು ಅಡ್ಡ ಬರುತ್ತದೆ ಎಂದಳು. ಮೂರನೆಯವರು ನಮ್ಮ ಚರ್ಚಿನ ಹಿರಿಯರು. ಪ್ರಾರ್ಥನೆ ಮಾಡೋಣ, ಪ್ರಚಾರ ಬೇಡ ಎಂದರು. ಮೂವರಿಗೂ “ಆಯ್ತು” ಎಂದೆ. ಆಮೇಲೆ ಬರೆಯಲು ಕೂತೆ.

ಎಲ್ಲದಕ್ಕೂ ಆಯ್ತು ಆಯ್ತು ಎನ್ನುತ್ತಲೇ ನೆಲ ಹಿಡಿದವಳು ನಾನು. ಇನ್ನು ಅದರ ಸಹವಾಸ ಸಾಕು.

ನನಗೆ ಬಂದಿದ್ದು ಖಿನ್ನತೆ. ಅದು ಯಾಕೆ ಬರುತ್ತದೆ, ತಲೆಯೊಳಗೆ ಏನೇನು ಏರುಪೇರಾಗುತ್ತದೆ ಎಂಬುದನ್ನೆಲ್ಲ ತಿಳಿದವರು ಬರೆದಿದ್ದಾರೆ, ಅಲ್ಲೇ ಓದಿಕೊಳ್ಳಿ. ನಾನು ಬರೆಯುತ್ತಿರುವುದು ಬೇರೆಯೇ ಒಂದು ವಿಷಯವನ್ನು. ಕಾಯಿಲೆ ಬಂದಿದೆ ಎಂದು ಒಬ್ಬ ಡಾಕ್ಟರಿಗೆ ಇದ್ದದ್ದು ಇದ್ದ ಹಾಗೆ ಹೇಳಲು ನಾನು ಪಟ್ಟ ಪಾಡನ್ನು. ಮೂರು ಭಾಷೆ ಬರುತ್ತಿದ್ದ ಹೆಂಗಸು ನಾನು. ಮೂರರಲ್ಲಿ ಎರಡು ಕೈಕೊಟ್ಟವು.

ನಾವಿರುವುದು ಆಕ್ಲೆಂಡಿನ ಹೆಂಡರ್ಸನ್‌ನಲ್ಲಿ. ನನ್ನ ಗಂಡ ಸುನಿಲ್ ಮೈಸೂರಿನವನು. ಓದಲು ಬಂದು, ಮೊದಲು ಈ ದೇಶದ ದಕ್ಷಿಣ ಭಾಗದ ಹಾರ್ನ್‌ಬಿಯ ಒಂದು ಗೋದಾಮಿನಲ್ಲಿ ಪೆಟ್ಟಿಗೆ ಎತ್ತಿ, ಈಗ ಇಲ್ಲಿ ಒಂದು ಸಾಗಣೆ ಕಂಪನಿಯಲ್ಲಿ ಮ್ಯಾನೇಜರ್. ನಾನು ಮನೆಯಿಂದ ಹತ್ತು ನಿಮಿಷ ದೂರದ ವೃದ್ಧರ ಆರೈಕೆ ಕೇಂದ್ರದಲ್ಲಿ ನರ್ಸ್. ಶಿಫ್ಟ್ ಶುರುವಾಗುವುದು ಬೆಳಿಗ್ಗೆ ಏಳಕ್ಕೆ. ಎರಡು ವರ್ಷದ ಹಿಂದಿನ ಏಪ್ರಿಲ್‌ನಲ್ಲಿ, ಇಲ್ಲಿ ಎಲೆ ಉದುರುವ ಕಾಲದಲ್ಲಿ, ಆರೂಮುಕ್ಕಾಲಿಗೆ ಅಲ್ಲಿ ತಲುಪಿ ಕಾರಿನಲ್ಲೇ ಕೂತಿರಲು ಶುರುಮಾಡಿದೆ. ಬಾಗಿಲು ತೆಗೆಯಲು ಕೈ ಏಳುತ್ತಿರಲಿಲ್ಲ. ನೋವಿಲ್ಲ, ಜ್ವರವಿಲ್ಲ, ಕೈ ಸುಮ್ಮನೆ ತೊಡೆಯ ಮೇಲೆ ಬಿದ್ದಿರುತ್ತಿತ್ತು.

ನನ್ನ ಜೊತೆ ಕೆಲಸ ಮಾಡುವ ಸೀನಾ ಎಂಬ ಸಮೋವಾದ ಹೆಂಗಸು ಒಂದು ದಿನ ಇದನ್ನು ನೋಡಿದಳು. ಏನಾಯಿತು ಎಂದು ಕೇಳಲಿಲ್ಲ. ಹೊರಗಿನಿಂದ ಬಾಗಿಲು ತೆಗೆದು, ನನ್ನ ಬ್ಯಾಗ್ ಎತ್ತಿಕೊಂಡು, “ಬಾ ಸಿಸ್ಟರ್, ಒಟ್ಟಿಗೆ ಹೋಗೋಣ” ಎಂದಳು. ಮರುದಿನವೂ ಹಾಗೇ ಮಾಡಿದಳು. ಹೀಗೆ ಎರಡು ವಾರ ಅವಳು ದಿನಾ ನನ್ನ ಕಾರಿನ ಬಾಗಿಲು ತೆಗೆದಳು. ಆ ದಿನಗಳಲ್ಲಿ ನನಗೆ ಸಿಕ್ಕ ಚಿಕಿತ್ಸೆ ಅದೊಂದೇ, ಮತ್ತು ಅದನ್ನು ನಾನು ಸಾಯುವ ತನಕ ಮರೆಯುವುದಿಲ್ಲ.

ಮನೆಯಲ್ಲಿ ಸಾರಿಗೆ ಉಪ್ಪು ಹಾಕಲು ಮರೆಯುತ್ತಿದ್ದೆ. ಮಗಳು ರೂತ್ ಶಾಲೆಯ ಕಥೆಯನ್ನು ಇಂಗ್ಲಿಷಿನಲ್ಲಿ ಪಟಪಟ ಹೇಳುತ್ತಿದ್ದರೆ ಅವಳ ತುಟಿ ಅಲ್ಲಾಡುವುದಷ್ಟೇ ಕಾಣುತ್ತಿತ್ತು. ನಾನು ಇಲ್ಲದೇ ಹೋದರೆ ಇವರಿಬ್ಬರ ಬದುಕು ಸಲೀಸಾಗುತ್ತದೆ ಎಂಬ ಯೋಚನೆ ಮೊದಲು ಯಾವಾಗಲೋ ಬಂತು, ಆಮೇಲೆ ದಿನಾ ಬಂತು, ಆಮೇಲೆ ಹೋಗಲೇ ಇಲ್ಲ. ಅದನ್ನು ಯಾರಿಗಾದರೂ ಹೇಳದಿದ್ದರೆ ಅದು ನನ್ನನ್ನು ಕರೆದುಕೊಂಡು ಹೋಗುತ್ತದೆ ಎಂದು ನನ್ನೊಳಗಿನ ನರ್ಸಿಗೆ ಗೊತ್ತಿತ್ತು. ಹೇಳುವುದು ಹೇಗೆ ಎಂದು ನನ್ನೊಳಗಿನ ಹೆಂಗಸಿಗೆ ಗೊತ್ತಿರಲಿಲ್ಲ.

ಪರದೇಶದಲ್ಲಿರುವ ನಮ್ಮ ಜನ ಮೊದಲು ಹೋಗುವುದು ಡಾಕ್ಟರ ಬಳಿಗಲ್ಲ, ಊಟದ ಮನೆಗೆ. ಕನ್ನಡದವರು ಸೇರಿದ ಒಂದು ಭಾನುವಾರದ ಊಟದಲ್ಲಿ ಸುನಿಲ್ ನನ್ನನ್ನು ಒಬ್ಬ ಡಾಕ್ಟರ್ ಅಂಕಲ್ ಮುಂದೆ ನಿಲ್ಲಿಸಿದ. ಅಂಕಲ್ ದಾವಣಗೆರೆಯಲ್ಲಿ ಓದಿದವರು, ಮೂಳೆ ಡಾಕ್ಟರು. ಒಂದು ಕೈಯಲ್ಲಿ ಬಿಸಿಬೇಳೆಬಾತಿನ ತಟ್ಟೆ ಹಿಡಿದು, ಇನ್ನೊಂದು ಕೈಯಿಂದ ನನ್ನ ಕೆಳರೆಪ್ಪೆ ಎಳೆದು ನೋಡಿ, “ರಕ್ತ ಕಡಿಮೆ ಆಗೈತಮ್ಮ, ಬಿ-ಟ್ವೆಲ್ವ್ ನೋಡಿಸ್ಕಳಿ” ಎಂದರು. ಅಕ್ಕಪಕ್ಕದಲ್ಲಿದ್ದ ನಾಲ್ಕು ಆಂಟಿಯರು ತಮಗೂ ಬಿ-ಟ್ವೆಲ್ವ್ ಕಡಿಮೆ ಇತ್ತು ಎಂದು ಸಂತೋಷದಿಂದ ಹೇಳಿಕೊಂಡರು. ರಕ್ತ ಪರೀಕ್ಷೆ ಮಾಡಿಸಿದೆವು. ಎಲ್ಲವೂ ಸರಿಯಾಗಿತ್ತು. ಸುನಿಲನಿಗೆ ಸಮಾಧಾನವಾಯಿತು, ನನಗೆ ಕೊನೆಯ ನೆಪವೂ ಹೋಯಿತು.

ನಮ್ಮ ಕುಟುಂಬದ ಡಾಕ್ಟರ ಬಳಿ ಹೋದಾಗ ಸುನಿಲ್ ನನ್ನ ಪಕ್ಕದಲ್ಲೇ ಕೂತ. ಊಟ ಮಾಡುತ್ತೀರಾ ಎಂದು ಡಾಕ್ಟರು ಕೇಳಿದರೆ “ಮಾಡ್ತಾಳೆ” ಎಂದವನು ಅವನು. ನಿದ್ದೆ? “ಪರವಾಗಿಲ್ಲ, ಶಿಫ್ಟ್ ಕೆಲಸ ಅಲ್ವಾ ಡಾಕ್ಟರ್.” ಅವನದು ಕೆಟ್ಟ ಮನಸ್ಸಲ್ಲ. ಮಾತು ಬಾರದೆ ಕೂತ ಹೆಂಡತಿಯ ಮರ್ಯಾದೆ ಉಳಿಸುತ್ತಿದ್ದೇನೆ ಎಂದುಕೊಂಡಿದ್ದ. ಡಾಕ್ಟರು ನನಗೆ ಒಂದು ಪ್ರಶ್ನೆಗಳ ಹಾಳೆ ಕೊಟ್ಟರು. ಅದೇ ಹಾಳೆಯನ್ನು ನಾನು ನಮ್ಮ ಕೇಂದ್ರದ ಅಜ್ಜ ಅಜ್ಜಿಯರ ಜೊತೆ ಕೂತು ತುಂಬಿಸುತ್ತೇನೆ. ಎಲ್ಲಿ ಗುರುತು ಹಾಕಿದರೆ ಎಚ್ಚರಿಕೆಯ ಗಂಟೆ ಹೊಡೆಯುತ್ತದೆ, ಎಲ್ಲಿ ಹಾಕಿದರೆ ಫೈಲು ಮುಚ್ಚುತ್ತದೆ ಎಂದು ನನಗೆ ಬಾಯಿಪಾಠ. ಎಲ್ಲದಕ್ಕೂ ‘ಕೆಲವು ದಿನ ಮಾತ್ರ’ ಎಂದು ಗುರುತು ಹಾಕಿ ಕೊಟ್ಟೆ. ಇಂಗ್ಲಿಷ್ ನನಗೆ ಕೆಲಸದ ಭಾಷೆ. ಅದರಲ್ಲಿ ನಾನು ಅಚ್ಚುಕಟ್ಟಾಗಿ ಸುಳ್ಳು ಹೇಳಬಲ್ಲೆ.

ಡಾಕ್ಟರು ಹಾಳೆ ನೋಡಲಿಲ್ಲ, ನನ್ನ ಮುಖ ನೋಡಿದರು. ನೋಡಿ, ಮನೋವೈದ್ಯರಿಗೆ ಪತ್ರ ಬರೆದರು. ಆ ಹೆಂಗಸಿಗೆ ದೇವರು ಒಳ್ಳೆಯದು ಮಾಡಲಿ.

ಮಾನಸಿಕ ಆರೋಗ್ಯದ ಕ್ಲಿನಿಕ್‌ನಿಂದ ಫೋನ್ ಬಂದಾಗ ನಾನು ಮಾತಾಡಲಿಲ್ಲ, ಸುನಿಲ್ ಮಾತಾಡಿದ. ದುಭಾಷಿ ಬೇಕೇ ಎಂದು ಕೇಳಿದರಂತೆ. ತನ್ನ ಭಾಷೆಯಲ್ಲಾದರೆ ಬಾಯಿ ಬಿಡುತ್ತಾಳೆ ಎಂದುಕೊಂಡು ಕನ್ನಡದ ದುಭಾಷಿ ಕೊಡಿ ಎಂದ. ಯೋಚನೆ ಚೆನ್ನಾಗಿತ್ತು. ಆದರೆ ಈ ಊರಿನಲ್ಲಿ ಕನ್ನಡ ದುಭಾಷಿಗಳು ಎಷ್ಟು ಜನ ಇರಬಹುದು ಎಂದು ಅವನೂ ಯೋಚಿಸಲಿಲ್ಲ, ನಾನೂ ಯೋಚಿಸಲಿಲ್ಲ.

ಕಾಯುವ ಕೋಣೆಯಲ್ಲಿ ಯಾರೋ ಅರ್ಧ ಜೋಡಿಸಿಟ್ಟ ಚಿತ್ರದ ಪಜಲ್ ಇತ್ತು. ಆಕಾಶದ ತುಂಡುಗಳೆಲ್ಲ ಉಳಿದಿದ್ದವು. ಎದುರಿಗೆ ಒಬ್ಬ ಗಡ್ಡದ ಮನುಷ್ಯ ಕೆಲಸದ ಬೂಟು ಹಾಕಿಕೊಂಡು, ಹೊರಗೆ ಅಡ್ಡಾದಿಡ್ಡಿ ನಿಲ್ಲಿಸಿದ ತನ್ನ ಯೂಟ್ ಎಂಬ ಪುಟ್ಟ ಟ್ರಕ್ಕಿನ ಕಡೆ ನೋಡುತ್ತಾ ಕೂತಿದ್ದ. ಇವನಿಗೂ ಹೇಳಲಾಗುತ್ತಿಲ್ಲ ಎಂದು ನೋಡಿದೊಡನೆ ತಿಳಿಯಿತು. ಆಗ ಬಾಗಿಲು ತೆಗೆದುಕೊಂಡು ವಸುಂಧರಾ ಆಂಟಿ ಬಂದರು.

ವಸುಂಧರಾ ಆಂಟಿ ಬೆಂಗಳೂರಿನಲ್ಲಿ ಟೀಚರ್ ಆಗಿದ್ದವರು. ಈಗ ಇದೇ ಊರಿನ ಸ್ಯಾಂಡ್ರಿಂಗಮ್‌ನಲ್ಲಿ ಮಗನ ಮನೆಯಲ್ಲಿದ್ದಾರೆ. ಕಾಟನ್ ಸೀರೆಯ ಮೇಲೆ ದಪ್ಪ ಜಾಕೆಟ್, ಕಾಲಿಗೆ ಓಡುವ ಬೂಟು. ಭಾನುವಾರ ನಮ್ಮ ಮಕ್ಕಳಿಗೆ ಕನ್ನಡ ಕಲಿಸುತ್ತಾರೆ. ರೂತ್‌ಗೆ ಅ ಆ ಇ ಈ ತಿದ್ದಿಸಿದವರು ಅವರೇ. ಅವತ್ತು ನನ್ನ ದುಭಾಷಿಯೂ ಅವರೇ.

“ಅಯ್ಯೋ ಸುಗುಣಾ, ನೀನಾ!” ಎಂದರು. ಸುನಿಲನ ಮುಖ ಅರಳಿತು, ಗೊತ್ತಿದ್ದವರೇ ಸಿಕ್ಕರಲ್ಲ ಎಂದು. ಮೊದಲ ಭೇಟಿಗೆ ಮನೆಯವರನ್ನು ಬಿಡುವುದಿಲ್ಲ ಎಂದು ಅವನನ್ನು ಹೊರಗೇ ಕೂರಿಸಿದರು. ಆಂಟಿ ನಿಯಮದ ಪ್ರಕಾರವೇ ನಡೆದುಕೊಂಡರು. ಒಳಗೆ ಹೋದ ಕೂಡಲೇ ಡಾಕ್ಟರಿಗೆ, ನನಗೆ ಈ ಕುಟುಂಬದ ಪರಿಚಯವಿದೆ ಎಂದು ತಿಳಿಸಿದರು. ಮನೋವೈದ್ಯೆ ಡಾ. ಫಿಯೋನಾ ನನ್ನ ಕಡೆ ತಿರುಗಿ, ನಿಮಗೆ ಪರವಾಗಿಲ್ಲವೇ ಎಂದು ಕೇಳಿದರು. ಅಷ್ಟು ಹಿರಿಯರನ್ನು ಎದುರಿಗೆ ಕೂರಿಸಿಕೊಂಡು ಬೇಡ ಎನ್ನುವುದು ಹೇಗೆ? ಆಯ್ತು ಎಂದೆ.

ಹತ್ತು ನಿಮಿಷ ಊಟ ತಿಂಡಿಯ ಮಾತಾಯಿತು. ಆಮೇಲೆ ಡಾಕ್ಟರು ಪೆನ್ನು ಕೆಳಗಿಟ್ಟು, ಬದುಕುವುದೇ ಬೇಡ ಎಂದು ಅನ್ನಿಸಿದ್ದಿದೆಯೇ ಎಂದು ಇಂಗ್ಲಿಷಿನಲ್ಲಿ ನೇರವಾಗಿ ಕೇಳಿದರು. ಆಂಟಿ ನನ್ನ ಕಡೆ ತಿರುಗಿ ಮೆಲ್ಲಗೆ, “ತುಂಬಾ ಬೇಜಾರಾಗುತ್ತೇನಮ್ಮಾ ಅಂತ ಕೇಳ್ತಿದ್ದಾರೆ” ಎಂದರು. ಡಾಕ್ಟರ ಪ್ರಶ್ನೆ ನನಗೆ ಅರ್ಥವಾಗಿತ್ತು. ನಾನು ಉತ್ತರ ಕೊಟ್ಟಿದ್ದು ಆ ಪ್ರಶ್ನೆಗೆ.

“ಹೌದ್ರಿ. ಬದುಕೋದ ಬ್ಯಾಡ ಅನಸ್ತದ. ದಿನಾ ಅನಸ್ತದ.”

ತಿಂಗಳುಗಟ್ಟಲೆ ಗಂಟಲಲ್ಲಿ ಇಟ್ಟುಕೊಂಡಿದ್ದ ಮಾತು. ಕೊನೆಗೂ ಬಾಯಿಂದ ಬಂತು, ಅದೂ ನನ್ನ ಊರಿನ ಕನ್ನಡದಲ್ಲಿ. ಆಂಟಿಯ ಮುಖ ಬಿಳಿಚಿಕೊಂಡಿತು. ಜಾಕೆಟ್ಟಿನ ಜಿಪ್ಪನ್ನು ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ ಎಳೆದರು. ಆಮೇಲೆ ಡಾಕ್ಟರಿಗೆ ಇಂಗ್ಲಿಷಿನಲ್ಲಿ ಹೇಳಿದರು: ಅವಳಿಗೆ ಊರಿನ ನೆನಪು ಬಹಳ ಕಾಡುತ್ತಿದೆ, ದಿನಾ ಕಾಡುತ್ತಿದೆ.

ನಾನು ಕೇಳಿಸಿಕೊಂಡೆ. ಒಂದೊಂದು ಪದವೂ ಅರ್ಥವಾಯಿತು. ಇಲ್ಲ ಡಾಕ್ಟರ್, ನಾನು ಹಾಗೆ ಹೇಳಲಿಲ್ಲ ಎನ್ನಲು ನಾಲ್ಕು ಇಂಗ್ಲಿಷ್ ಪದ ಸಾಕಿತ್ತು. ಹೇಳಲಿಲ್ಲ. ನನ್ನ ಮಗಳಿಗೆ ಅಕ್ಷರ ಕಲಿಸಿದ, ಅಜ್ಜಿಯ ವಯಸ್ಸಿನ ಹೆಂಗಸನ್ನು ಹೊರಗಿನವರ ಮುಂದೆ ಸುಳ್ಳುಗಾತಿ ಮಾಡಲು ನನ್ನಿಂದಾಗಲಿಲ್ಲ. ನನ್ನ ಜೀವದ ಪ್ರಶ್ನೆ ಮೇಜಿನ ಮೇಲಿತ್ತು, ನಾನು ಆಂಟಿಯ ಮರ್ಯಾದೆ ಕಾಯುತ್ತಾ ಕೂತಿದ್ದೆ. ಇಂಥ ತಪ್ಪನ್ನು ನಮ್ಮವರು ಮಾತ್ರ ಮಾಡಲು ಸಾಧ್ಯ. ಅವರು ನನ್ನ ಮಾನ ಉಳಿಸಿದರು, ನಾನು ಅವರ ಮಾನ ಉಳಿಸಿದೆ, ಡಾಕ್ಟರು ತಲೆಯಾಡಿಸಿ ಬರೆದುಕೊಂಡರು. ಕೊನೆಗೆ ನನಗೆ ಕೊಟ್ಟ ಸಲಹೆ: ನಿಮ್ಮ ಜನರ ಜೊತೆ ಇನ್ನೂ ಹೆಚ್ಚು ಬೆರೆಯಿರಿ. ಮೂರು ವಾರ ಬಿಟ್ಟು ಮತ್ತೆ ಬನ್ನಿ.

ವಾಪಸು ಬರುವಾಗ ಸುನಿಲ್, “ಹಗುರ ಆಯ್ತಾ? ಆಂಟಿ ಇದ್ದಿದ್ದು ಒಳ್ಳೇದಾಯ್ತಲ್ವಾ?” ಎಂದ. ಡೇರಿ ಎಂದು ಇಲ್ಲಿಯವರು ಕರೆಯುವ ಬೀದಿಯಂಗಡಿಯ ಮುಂದೆ ನಿಲ್ಲಿಸಿ ಹಾಲು ತರಲು ಹೋದ. ಕಾರಿನಲ್ಲಿ ಒಬ್ಬಳೇ ಕೂತಾಗ ನನ್ನ ಕಿವಿ ಬಿಸಿಯಾಯಿತು. ಅದು ಸಿಟ್ಟು ಎಂದು ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು. ತಿಂಗಳುಗಳ ಮೇಲೆ ನನಗೆ ಏನಾದರೂ ಅನ್ನಿಸಿದ್ದು ಅಂದೇ. ತೊಡೆಯ ಮೇಲೆ ಸತ್ತಂತೆ ಬಿದ್ದಿರುತ್ತಿದ್ದ ಕೈ ಡ್ಯಾಶ್‌ಬೋರ್ಡಿಗೆ ಗುದ್ದಿತು, ಬಾಯಿಂದ ತಾನಾಗಿ ಒಂದು ಮಾತು ಬಂತು: “ತಿಶ್‌ಅಲ್ ಓತಿ!”

ಅದು ಹೀಬ್ರೂ. ನನ್ನನ್ನು ಕೇಳು ಎಂದರ್ಥ. ಇದರ ಹಿನ್ನೆಲೆ ಸ್ವಲ್ಪ ಹೇಳಬೇಕು.

ಮದುವೆಗೆ ಮುಂಚೆ ನಾನು ನಾಲ್ಕೂವರೆ ವರ್ಷ ಇಸ್ರೇಲಿನಲ್ಲಿದ್ದೆ. ನರ್ಸಿಂಗ್ ಓದುವಾಗ ಜೊತೆಗಿದ್ದ ಮಂಗಳೂರಿನ ಗೆಳತಿ ಅಲ್ಲಿ ಕೆಲಸಕ್ಕೆ ಹೋಗಿದ್ದಳು, ನನ್ನನ್ನೂ ಕರೆಸಿಕೊಂಡಳು. ಹೈಫಾದಲ್ಲಿ ಒಬ್ಬ ಮುದುಕಿಯ ಮನೆಯಲ್ಲಿದ್ದು ಅವಳನ್ನು ನೋಡಿಕೊಳ್ಳುವ ಕೆಲಸ. ಎಲ್ಲರೂ ಅವಳನ್ನು ಸಾವ್ತಾ ಎನ್ನುತ್ತಿದ್ದರು, ಅಂದರೆ ಅಜ್ಜಿ. ಗಂಡ ತೀರಿಕೊಂಡ ಮೇಲೆ ಸಾವ್ತಾಗೆ ಇದೇ ಕಾಯಿಲೆ ಬಂದಿತ್ತು. ಪಾರ್ಶ್ವವಾಯು ಬೇರೆ ಹೊಡೆದು ದನಿ ಇಳಿದುಹೋಗಿತ್ತು, ಹತ್ತಿರ ಬಾಗಿದರೆ ಮಾತ್ರ ಕೇಳಿಸುತ್ತಿತ್ತು. ತಿಂಗಳಿಗೊಮ್ಮೆ ಮನಸ್ಸಿನ ಡಾಕ್ಟರ ಬಳಿ ಹೋದಾಗ ಅವಳು ಹೇಳಿದ್ದನ್ನು ನಾನು ಗಟ್ಟಿಯಾಗಿ ಹೇಳಬೇಕಿತ್ತು. ಅದಕ್ಕಾಗಿ ಅವಳೇ ನನಗೆ ಮಾತುಗಳನ್ನು ಕಲಿಸಿದಳು. ಅವಳು ಪಿಸುಗುಟ್ಟುತ್ತಿದ್ದಳು, ನಾನು ಒಂದು ಹಸಿರು ಡೈರಿಯಲ್ಲಿ ಕನ್ನಡ ಅಕ್ಷರಗಳಲ್ಲಿ ಬರೆದುಕೊಳ್ಳುತ್ತಿದ್ದೆ.

ಆ ಡೈರಿ ಇವತ್ತಿಗೂ ನನ್ನ ಬಳಿ ಇದೆ. ‘ಕಾಶೆ ಲಿ’, ನನಗೆ ಕಷ್ಟವಾಗುತ್ತಿದೆ. ‘ಏನ್ ಲಿ ಕೊಅಖ್’, ನನಗೆ ಶಕ್ತಿಯಿಲ್ಲ. ‘ಅನಿ ಮೆಫಖೆದೆತ್ ಲಿಹ್ಯೊತ್ ಲೆವಾದ್’, ಒಬ್ಬಳೇ ಇರಲು ಭಯ. ‘ಹಕದುರಿಮ್ ಓಸಿಮ್ ಲಿ ಬ್ಖಿಲಾ’, ಮಾತ್ರೆಯಿಂದ ವಾಕರಿಕೆ. ಕೆಲವಕ್ಕೆ ಪಕ್ಕದಲ್ಲಿ ಅರ್ಥ ಬರೆದಿದ್ದೇನೆ, ಕೆಲವಕ್ಕೆ ಬರೆದಿಲ್ಲ, ಒಂದು ಪುಟದಲ್ಲಿ ಮೀನಿನ ಸಾರಿನ ಕಲೆಯಿದೆ. ಡಾಕ್ಟರು ಅವಳನ್ನು ಬಿಟ್ಟು ನನ್ನನ್ನು ಪ್ರಶ್ನೆ ಕೇಳಿದರೆ ಸಾವ್ತಾ ಕೋಲಿನಿಂದ ನೆಲ ಕುಟ್ಟಿ, ‘ತಿಶ್‌ಅಲ್ ಓತಿ, ಲೊ ಓತಾ’ ಎನ್ನುತ್ತಿದ್ದಳು. ನನ್ನನ್ನು ಕೇಳು, ಅವಳನ್ನಲ್ಲ. ಎಂಬತ್ತಮೂರು ವರ್ಷದ, ಮೂವತ್ತೆಂಟು ಕಿಲೋ ತೂಕದ ಮುದುಕಿ. ಡಾಕ್ಟರು ಕುರ್ಚಿ ಹತ್ತಿರ ಎಳೆದುಕೊಳ್ಳುತ್ತಿದ್ದರು.

ಡೇರಿಯ ಮುಂದೆ ಕೂತಾಗ ನನಗೆ ಹೊಳೆಯಿತು. ಇಂಗ್ಲಿಷಿನಲ್ಲಿ ನಾನು ನರ್ಸ್. ಕನ್ನಡದಲ್ಲಿ ನಾನು ಸೊಸೆ, ತಂಗಿ, ರೂತಳ ಅಮ್ಮ, ಚರ್ಚಿನ ಸುಗುಣಾ. ಹೀಬ್ರೂವಿನಲ್ಲಿ ನನಗೆ ನೆಂಟರಿಲ್ಲ. ಆ ಭಾಷೆಯಲ್ಲಿ ನನ್ನ ಕಾಯಿಲೆಯ ಬಗ್ಗೆ ಸುಳ್ಳು ಹೇಳುವುದನ್ನು ನಾನು ಕಲಿತೇ ಇಲ್ಲ. ಗೊತ್ತಿರುವುದು ನಿಜದ ಮಾತುಗಳು ಮಾತ್ರ.

ಮರುದಿನ ಚಹಾದ ವಿರಾಮದಲ್ಲಿ, ನಮ್ಮ ಕೇಂದ್ರದ ಬಟ್ಟೆಗಳ ಕೋಣೆಯಲ್ಲಿ ಮಡಚಿಟ್ಟ ಬೆಡ್‌ಶೀಟುಗಳ ನಡುವೆ ನಿಂತು ಕ್ಲಿನಿಕ್‌ಗೆ ಫೋನ್ ಮಾಡಿದೆ. ಮುಂದಿನ ಸಲ ಹೀಬ್ರೂ ದುಭಾಷಿ ಬೇಕು, ಫೋನಿನಲ್ಲಾದರೂ ಸರಿ ಎಂದೆ.

“ಹೀಬ್ರೂನಾ?” ರಿಸೆಪ್ಷನ್ನಿನ ಹುಡುಗಿ ಕೇಳಿದಳು. “ನಿಮ್ಮ ಫೈಲಿನಲ್ಲಿ ಕನ್ನಡ ಅಂತಿದೆ.”

“ಬದಲಾಯಿಸಿ.”

“ನೋ ವರೀಸ್,” ಎಂದಳು, ಕಾಫಿಗೆ ಸಕ್ಕರೆ ಬೇಡ ಎಂದವರಿಗೆ ಹೇಳುವಷ್ಟು ಸಲೀಸಾಗಿ. ಯಾಕೆ ಎಂದು ಕೇಳಲಿಲ್ಲ. ಬೆಡ್‌ಶೀಟುಗಳಿಗೆ ಮುಖ ಒತ್ತಿ ಸ್ವಲ್ಪ ಹೊತ್ತು ಅತ್ತೆ.

ಸುನಿಲನಿಗೆ ಗೊತ್ತಾಗಿದ್ದು ಮನೆಗೆ ಬಂದ ಪತ್ರದಿಂದ. ಓದಿ ನಕ್ಕ. “ನೋಡು ಇವರ ಎಡವಟ್ಟು, ಹೀಬ್ರೂ ಅಂತ ಹಾಕಿದ್ದಾರೆ. ಫೋನ್ ಮಾಡಿ ಸರಿ ಮಾಡಿಸ್ತೀನಿ ತಾಳು,” ಎಂದು ಫೋನ್ ಎತ್ತಿಕೊಂಡ. ನಾನು ಅವನ ಕೈಯಿಂದ ಫೋನ್ ಕಿತ್ತುಕೊಂಡೆ.

“ಎಡವಟ್ಟಲ್ರಿ ಅದು. ನಾನ ಕೇಳೀನಿ.”

“ಯಾಕೆ? ಆಂಟಿ ಇದ್ದಾರಲ್ಲ.”

“ಅದಕ್ಕ.”

ಅವನು ಕುರ್ಚಿಯಲ್ಲಿ ಕೂತ. “ಈ ಸಲ ನಾನೂ ಪಕ್ಕದಲ್ಲಿ ಕೂತಿರ್ತೀನಿ ಸುಗುಣಾ. ನನಗೆ ಒಂದಕ್ಷರ ಅರ್ಥ ಆಗದಿರೋ ಭಾಷೇಲಿ ನೀನು ನಿನ್ನ ಕಷ್ಟ ಹೇಳ್ಕೊತೀಯಾ? ನಾನೇನು ಹೊರಗಿನವನಾ?”

“ಈ ಸಲಾನೂ ನೀವು ಹೊರಗ ಕೂಡ್ರಿ.”

ಹತ್ತು ವರ್ಷದ ದಾಂಪತ್ಯದಲ್ಲಿ ನಾನು ಅವನಿಗೆ ಅಷ್ಟು ಗಟ್ಟಿಯಾಗಿ ಏನನ್ನೂ ಹೇಳಿರಲಿಲ್ಲ. ರೂತ್ ಟೀವಿಯ ದನಿ ಕಡಿಮೆ ಮಾಡಿ ನಮ್ಮಿಬ್ಬರನ್ನೂ ನೋಡಿದಳು. ಸುನಿಲ್ ಎದ್ದು ಹೋಗಿ, ತೊಳೆದಿದ್ದ ಪಾತ್ರೆಗಳನ್ನೇ ಮತ್ತೆ ತೊಳೆದ. ಅವನಿಗೆ ನೋವಾಗಿತ್ತು. ಆಗಲಿ ಎಂದುಕೊಂಡೆ. ನನ್ನ ಬಳಿ ಎಲ್ಲರ ನೋವಿಗೂ ಮುಲಾಮು ಹಚ್ಚುವಷ್ಟು ದಿನ ಉಳಿದಿರಲಿಲ್ಲ.

ಎರಡನೆಯ ಭೇಟಿಯ ದಿನ ಸುನಿಲ್ ಕಾಯುವ ಕೋಣೆಯಲ್ಲಿ ಪಜಲ್ ಮುಂದೆ ಕೂತ. ಒಳಗೆ ಡಾ. ಫಿಯೋನಾರ ಮೇಜಿನ ಮೇಲೆ ಫೋನ್, ಸ್ಪೀಕರಿನಲ್ಲಿ ಒಬ್ಬ ಹೆಂಗಸಿನ ದನಿ. ಅವಳು ಎಲ್ಲಿದ್ದಳೋ ಗೊತ್ತಿಲ್ಲ. ನನ್ನ ಊರು, ನನ್ನ ಜಾತಿ, ನನ್ನ ಮಗಳ ಮದುವೆ, ಯಾವುದೂ ಅವಳಿಗೆ ಗೊತ್ತಿರಲಿಲ್ಲ. ನಾನು ಡೈರಿ ತೆಗೆದು ತೊಡೆಯ ಮೇಲಿಟ್ಟುಕೊಂಡೆ. ಹನ್ನೊಂದು ವರ್ಷ ಆ ಭಾಷೆ ಮಾತಾಡಿರಲಿಲ್ಲ. ನಾಲಿಗೆ ತೊದಲಿತು.

“ಕಾಶೆ ಲಿ,” ಎಂದೆ. ಫೋನಿನ ಹೆಂಗಸು ಅದನ್ನೇ ಇಂಗ್ಲಿಷಿನಲ್ಲಿ ಹೇಳಿದಳು, ನಾನೇ ಹೇಳುತ್ತಿರುವ ಹಾಗೆ: ನನಗೆ ಕಷ್ಟವಾಗುತ್ತಿದೆ. “ಏನ್ ಲಿ ಕೊಅಖ್.” ನನಗೆ ಶಕ್ತಿಯಿಲ್ಲ. ಅವಳು ಏನನ್ನೂ ಸೇರಿಸಲಿಲ್ಲ, ಏನನ್ನೂ ತೆಗೆಯಲಿಲ್ಲ. ನಾನು ತಡೆದರೆ ಅವಳೂ ಕಾದಳು. ಮಧ್ಯೆ ಒಮ್ಮೆ ಡೈರಿಯಲ್ಲಿ ನನ್ನದೇ ಅಕ್ಷರ ಓದಲಾಗದೆ ಒದ್ದಾಡಿದೆ. ಡಾಕ್ಟರು ಅದೇ ಪ್ರಶ್ನೆಯನ್ನು ಮತ್ತೆ ಕೇಳಿದರು, ಬದುಕುವುದೇ ಬೇಡ ಎನ್ನಿಸುತ್ತದೆಯೇ ಎಂದು. ಅದಕ್ಕೆ ಉತ್ತರ ನೋಡಲು ಡೈರಿ ಬೇಕಿರಲಿಲ್ಲ.

“ಕೆನ್,” ಎಂದೆ. ಹೌದು. “ಅನಿ ಲೊ ರೊತ್ಸಾ ಲಿಖ್ಯೊತ್.”

ಆ ಅಪರಿಚಿತ ದನಿ ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಹೇಳಿತು: ಹೌದು, ನನಗೆ ಬದುಕಲು ಇಷ್ಟವಿಲ್ಲ.

ನನ್ನ ಮಾತು ಕೋಣೆಯ ನಡುವೆ ಬಂದು ನಿಂತಿತು. ಯಾರೂ ಅದಕ್ಕೆ ಶಾಲು ಹೊದಿಸಲಿಲ್ಲ. ಡಾಕ್ಟರು ನನ್ನ ಕಡೆ ಬಾಗಿ, “ಹೇಳಿದ್ದಕ್ಕೆ ಥ್ಯಾಂಕ್ಸ್. ಈಗ ನಾವಿಬ್ಬರೂ ಕೆಲಸ ಶುರುಮಾಡೋಣ” ಎಂದರು. ನಾನು ಅಲ್ಲಿಂದ ಹೊರಬರಲು ಎರಡು ಗಂಟೆ ಹಿಡಿಯಿತು. ಬರುವಾಗ ನನ್ನ ಕೈಯಲ್ಲಿ ಮಾತ್ರೆಯ ಚೀಟಿ ಇತ್ತು, ಕೆಲಸದಿಂದ ರಜೆಯ ಪತ್ರವಿತ್ತು, ಯಾವ ಹೊತ್ತಿನಲ್ಲಾದರೂ ಕರೆಯಬಹುದಾದ ಒಂದು ನಂಬರು ಇತ್ತು, ಒಂಟಿಯಾಗಿ ಇರಬಾರದು ಎಂಬ ಕಟ್ಟಪ್ಪಣೆಯಿತ್ತು. ಇಂಗ್ಲಿಷ್ ಇಷ್ಟು ಚೆನ್ನಾಗಿ ಬರುವಾಗ ಹೀಬ್ರೂ ಯಾಕೆ ಎಂದು ಡಾಕ್ಟರು ಕೊನೆಗೆ ಕೇಳಿದರು. ಹೇಳಿದೆ, ಇಂಗ್ಲಿಷಿನಲ್ಲೇ. ಮೊದಲ ಸಲದ ‘ಊರಿನ ನೆನಪು’ ಏನಾಗಿತ್ತು ಎಂಬುದನ್ನೂ ಹೇಳಿದೆ. ಅವರು ತಮ್ಮ ಹಳೆಯ ಟಿಪ್ಪಣಿ ತೆಗೆದು ಓದಿದರು. ಆಮೇಲೆ, “ನಾನು ನಿಮ್ಮ ಮುಖ ನೋಡಬೇಕಿತ್ತು” ಎಂದರು.

ಸುನಿಲನನ್ನು ಒಳಗೆ ಕರೆದು ಅವನಿಗೂ ತಿಳಿಸಿದರು. ಮೊದಲು ಅವನು ನಂಬಲಿಲ್ಲ. ನನ್ನ ಕಡೆ ತಿರುಗಿ, “ನಿಜಾನಾ?” ಎಂದ. ತಲೆಯಾಡಿಸಿದೆ. ಕಾರಿನಲ್ಲಿ ಅವನು ಎಂಜಿನ್ ಶುರುಮಾಡದೆ ಅಳುತ್ತಾ ಕೂತ. ಅವನನ್ನು ಸಮಾಧಾನ ಮಾಡುವ ಕೆಲಸ ನನ್ನದಲ್ಲ ಎಂದು ನಾನು ಕಿಟಕಿಯಾಚೆ ನೋಡುತ್ತಾ ಕೂತೆ. ಅದಕ್ಕೂ ಧೈರ್ಯ ಬೇಕು, ಮಾಡಿ ನೋಡಿ.

ಮಾತ್ರೆಗಳು ಮೊದಲ ಮೂರು ವಾರ ಬಾಯಿ ಒಣಗಿಸಿದವು, ಕೈ ನಡುಗಿಸಿದವು, ಬಿಟ್ಟುಬಿಡಲೇ ಎನ್ನಿಸಿದವು. ಬಿಡಲಿಲ್ಲ. ಆರನೆಯ ವಾರ ಒಂದು ಬೆಳಿಗ್ಗೆ ರೂತ್ ಹೇಳುತ್ತಿದ್ದ ಶಾಲೆಯ ಕಥೆ ಇದ್ದಕ್ಕಿದ್ದಂತೆ ಕಿವಿಗೆ ಬಿತ್ತು. ಯಾರೋ ಹುಡುಗಿ ಯಾರದೋ ಟೋಪಿಯನ್ನು ಮರದ ಮೇಲೆ ಎಸೆದಿದ್ದಳು. “ಆಮ್ಯಾಲೆ ಏನಾತು?” ಎಂದೆ. ರೂತ್ ಹೇಳುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. “ಅಮ್ಮಾ, ಯು ಆರ್ ಲಿಸನಿಂಗ್!” ಎಂದು ಕಥೆಯನ್ನು ಮೊದಲಿನಿಂದ ಶುರುಮಾಡಿದಳು. ಆ ಮಾತ್ರೆಯನ್ನು ನಾನು ಇವತ್ತೂ ನುಂಗುತ್ತೇನೆ. ಯಾರಾದರೂ ಎಷ್ಟು ದಿನ ನುಂಗುತ್ತೀಯ ಎಂದು ಕೇಳಿದರೆ, ನಿಮ್ಮ ಬಿಪಿ ಮಾತ್ರೆ ಎಷ್ಟು ದಿನ ಎಂದು ಕೇಳುತ್ತೇನೆ.

ಆಗಸ್ಟಿನಲ್ಲಿ ಒಂದು ಶನಿವಾರ ವಸುಂಧರಾ ಆಂಟಿ ಸ್ಯಾಂಡ್ರಿಂಗಮ್‌ನಿಂದ ಎರಡು ಬಸ್ಸು ಬದಲಾಯಿಸಿ ನಮ್ಮ ಮನೆಗೆ ಬಂದರು. ಕೈಯಲ್ಲಿ ಕೋಡುಬಳೆ ಡಬ್ಬಿ. ಕೂತು, ನೀರು ಕುಡಿದು, ನೇರ ವಿಷಯಕ್ಕೆ ಬಂದರು.

“ಯಾಕಮ್ಮಾ, ನನ್ನ ಬೇಡ ಅಂದ್ಯಂತೆ?”

ಹಿಂದಿನ ಸುಗುಣಾ ಆಗಿದ್ದರೆ, ಅಯ್ಯೋ ಹಾಗೇನಿಲ್ಲ ಆಂಟಿ, ಚಹಾ ಮಾಡಲೇ ಎನ್ನುತ್ತಿದ್ದಳು. “ನಾ ಸಾಯಬೇಕನಸ್ತದ ಅಂದ್ರ ನೀವು ಊರ ನೆನಪಾಗೇತಿ ಅಂದ್ರಿ,” ಎಂದೆ. “ನನಗ ಇಂಗ್ಲಿಷ್ ಬರತದರಿ ಆಂಟಿ.”

ಆಂಟಿ ಡಬ್ಬಿಯ ಮುಚ್ಚಳ ತೆಗೆದು ಮತ್ತೆ ಹಾಕಿದರು. “ನಿನ್ನ ಒಳ್ಳೇದಕ್ಕೇ ಕಣಮ್ಮಾ. ಬರ್ಕೊಂಡ್ಬಿಡ್ತಾರೆ. ಒಂದ್ಸಲ ಬರ್ಕೊಂಡ್ರೆ ಮುಗೀತು. ನಿನ್ನ ಕೆಲಸ ಹೋಗುತ್ತೆ, ಮಗೂನ ಕಿತ್ಕೊಂಡು ಹೋಗ್ತಾರೆ ಅಂತ ಹೆದರಿದೆ.”

“ಈ ಜಡ್ಡು ಮಗೂನ ತಾಯಿನ್ನ ಕಿತಗೊಂಡ ಹೋಗತಿತ್ರಿ.”

ಅವರ ಕಣ್ಣಲ್ಲಿ ನೀರು ಬಂತು. ನನಗೆ ಗೆದ್ದೆ ಎನ್ನಿಸಲಿಲ್ಲ. ಯಾಕೆಂದರೆ ನಾನೂ ಅದನ್ನೇ ಮಾಡಿದ್ದೆ. ಹೈಫಾದಲ್ಲಿ ಮೊದಲ ಭೇಟಿಯ ದಿನ ಸಾವ್ತಾ ಹೇಳಿದ ಕಠಿಣ ಮಾತನ್ನು ನಾನು ಡಾಕ್ಟರಿಗೆ ‘ಸ್ವಲ್ಪ ದಣಿದಿದ್ದಾರೆ’ ಎಂದು ಹೇಳಿದ್ದೆ. ಅಷ್ಟು ವಯಸ್ಸಾದವಳ ಬಾ‌ಯಲ್ಲಿ ಅಂಥ ಮಾತು ಬರಬಾರದು ಎಂದುಕೊಂಡು ಹಾಗೆ ಮಾಡಿದ್ದೆ. ಅವಳು ಒಂದು ವಾರ ನನ್ನ ಕೈಯಿಂದ ಸೂಪು ಕುಡಿಯಲಿಲ್ಲ. ಇದನ್ನು ಆಂಟಿಗೆ ಹೇಳಿದೆ. “ನನಗೂ ತಪ್ಪು ಅಂತ ತಿಳೀಲಿಲ್ರಿ, ಪ್ರೀತಿ ಅಂತ ತಿಳಿದಿದ್ದೆ,” ಎಂದೆ.

ಆಂಟಿ ಮೂಗು ಒರೆಸಿಕೊಂಡರು. ಒಂದು ಕೋಡುಬಳೆ ಮುರಿದು ಬಾಯಿಗೆ ಹಾಕಿಕೊಂಡರು, ನನಗೊಂದು ಕೊಟ್ಟರು. ಆಮೇಲೆ ಹೇಳಿದರು: “ದುಭಾಷಿಗಳ ಆಫೀಸಿಗೆ ಫೋನ್ ಮಾಡಿ ಒಪ್ಕೊಂಡೆ ಕಣೆ. ಅವತ್ತು ನಾನು ಇದ್ದಿದ್ದನ್ನ ಹೇಳ್ಲಿಲ್ಲ ಅಂತ. ಇನ್ಮೇಲೆ ಕಣ್ಣು, ಹಲ್ಲು ಅಷ್ಟಕ್ಕೇ ಕರೀರಿ ಅಂದಿದೀನಿ.” ಆ ವಯಸ್ಸಿನಲ್ಲಿ ತಾನಾಗಿ ಫೋನ್ ಮಾಡಿ ತಪ್ಪು ಒಪ್ಪಿಕೊಳ್ಳುವವರು ನಮ್ಮಲ್ಲಿ ಎಷ್ಟು ಜನ ಸಿಗುತ್ತಾರೆ? ಸುನಿಲ್ ಅವರನ್ನು ಕಾರಿನಲ್ಲಿ ಮನೆಗೆ ಬಿಟ್ಟುಬಂದ.

ಆದರೆ ಸುನಿಲನ ಲೆಕ್ಕ ಬಾಕಿಯಿತ್ತು. ಅವನು ಅಡುಗೆ ಕಲಿತಿದ್ದ, ಮಾತ್ರೆ ನೆನಪಿಸುತ್ತಿದ್ದ, ರೂತಳ ಜಡೆ ಹಾಕುತ್ತಿದ್ದ. ಒಂದನ್ನು ಮಾತ್ರ ಮಾಡುತ್ತಿರಲಿಲ್ಲ. ಆ ದಿನಗಳ ಬಗ್ಗೆ ನಾನು ಮಾತು ತೆಗೆದರೆ, “ಈಗ ಯಾಕೆ ಅದೆಲ್ಲ, ಹುಷಾರಾದ್ಯಲ್ಲ” ಎಂದು ಎದ್ದು ಹೋಗುತ್ತಿದ್ದ. ನಾನು ಹೇಳಿದ್ದನ್ನು ಡಾಕ್ಟರು ಕೇಳಿದ್ದರು, ಎಲ್ಲೋ ಇದ್ದ ಹೀಬ್ರೂ ಹೆಂಗಸು ಕೇಳಿದ್ದಳು, ಆಂಟಿ ಕೇಳಿದ್ದರು. ನನ್ನ ಜೊತೆ ಬದುಕುವ ಮನುಷ್ಯ ಮಾತ್ರ ಇನ್ನೂ ಕೇಳಿಸಿಕೊಂಡಿರಲಿಲ್ಲ. ಹಾಗೆ ಬದುಕುವುದಾದರೆ ನಾನು ಅರ್ಧ ಮಾತ್ರ ವಾಪಸು ಬಂದ ಹಾಗೆ.

ನವೆಂಬರಿನ ಭೇಟಿಗೆ ಅವನನ್ನು ಒಳಗೆ ಕರೆದುಕೊಂಡು ಹೋದೆ. ದುಭಾಷಿ ಬೇಡ, ಇವತ್ತು ನಾನು ಕನ್ನಡದಲ್ಲಿ ಹೇಳುತ್ತೇನೆ, ಇವನು ನಿಮಗೆ ಹೇಳುತ್ತಾನೆ ಎಂದೆ. ಮನೆಯವರನ್ನು ದುಭಾಷಿ ಮಾಡುವುದಿಲ್ಲ, ಅದು ನಿಯಮ ಎಂದರು ಡಾ. ಫಿಯೋನಾ. “ಇವನು ಒಂದು ಪದ ತಪ್ಪಿದರೂ ನಾನು ತಿದ್ದುತ್ತೇನೆ” ಎಂದೆ. ಅವರು ನಕ್ಕು, ಕುರ್ಚಿಗೆ ಒರಗಿ, ಸರಿ ಎಂದರು.

ಸುನಿಲ್ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ನಾನು ಅವನ ಕಡೆಯೇ ತಿರುಗಿ ಕೂತು ಹೇಳಿದೆ.

“ಆ ದಿನಗಳೊಳಗ ನನಗ ಸಾಯಬೇಕು ಅನಸತಿತ್ತು.”

ಅವನು ಡಾಕ್ಟರನ್ನು ನೋಡಿದ, ನೆಲ ನೋಡಿದ. ಇಂಗ್ಲಿಷಿನಲ್ಲಿ, ಫೋನಿನ ಹೆಂಗಸು ಹೇಳಿದ ಹಾಗೆಯೇ, ನಾನೇ ಹೇಳುತ್ತಿರುವಂತೆ ಹೇಳಿದ: ಆ ದಿನಗಳಲ್ಲಿ ನನಗೆ ಸಾಯಬೇಕು ಅನ್ನಿಸುತ್ತಿತ್ತು. ದನಿ ಒಡೆಯಿತು. ಪದ ಬಿಡಲಿಲ್ಲ.

“ನನ್ನ ಗಂಡ ನನ್ನ ಬಾಜೂಕ ಕುಂತು, ನನ್ನ ಬದಲಿ ಉತ್ತರಾ ಕೊಡತಿದ್ದ.”

ನನ್ನ ಗಂಡ ನನ್ನ ಪಕ್ಕದಲ್ಲಿ ಕೂತು ನನ್ನ ಬದಲಿಗೆ ಉತ್ತರ ಕೊಡುತ್ತಿದ್ದ, ಎಂದ ನನ್ನ ಗಂಡ.

“ಅದಕ್ಕ ಆತನ ಮ್ಯಾಲೆ ನನಗ ಇನ್ನೂ ಸಿಟ್ಟೈತಿ.”

ಇಲ್ಲಿ ಅವನು ತಡೆದ. ನಾನು ಕಾದೆ. ಡಾಕ್ಟರೂ ಕಾದರು. ಆಮೇಲೆ, ಅದಕ್ಕೆ ಅವನ ಮೇಲೆ ನನಗೆ ಇನ್ನೂ ಸಿಟ್ಟಿದೆ ಎಂದು ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಹೇಳಿದ. ಅವನ ಕಣ್ಣು ತುಂಬಿ ಹರಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ.

ಡಾ. ಫಿಯೋನಾ ಅವನ ಕಡೆ ಟಿಶ್ಯೂ ಡಬ್ಬಿ ಸರಿಸಿ, “ಸುನಿಲ್, ಇದಕ್ಕೆ ನೀವೇನು ಹೇಳ್ತೀರಿ?” ಎಂದು ಕೇಳಿದರು.

ಅವನು ತಲೆ ಅಲ್ಲಾಡಿಸಿದ.

“ನಾನೇನೂ ಹೇಳೋದಿಲ್ಲ ಡಾಕ್ಟರ್. ಅವಳು ಹೇಳೋದು ಇನ್ನೂ ಮುಗಿದಿಲ್ಲ.”